ಮದ್ದಿನ ಮನೆಯಿಂದ ಆಲೆಮನೆಗೆ

ಅಕ್ಕನ ಮಗ ಇತಿಹಾಸದಲ್ಲಿ ಎಂ.ಎ. ಓದುತ್ತಿದ್ದಾನೆ. ಯುದ್ಧದ ಕಾಲದಲ್ಲಿ ಊರುಗಳಲ್ಲಿದ್ದ ಕಸುಬುಗಳ ಮೇಲೆ ಅವನು ಪ್ರಬಂಧ ಬರೆಯಬೇಕಿತ್ತು. ನನಗೆ ಶ್ರಾವಣದಲ್ಲಿ ಮೈಸೂರು ಕಡೆ ಸುಮ್ನೆ ಸುತ್ತುವ ಆಸೆ. ಇಬ್ಬರದೂ ಒಂದೇ ದಾರಿ ಅಂತ ಹೊರಟೆವು. ಅವನ ಬ್ಯಾಗಿನಲ್ಲಿ ಪುಸ್ತಕ, ನನ್ನದರಲ್ಲಿ ಛತ್ರಿ. ಛತ್ರಿ ಜಾಸ್ತಿ ಕೆಲಸಕ್ಕೆ ಬಂತು.

ಮೊದಲ ದಿನ: ಶ್ರೀರಂಗಪಟ್ಟಣ

ಬೆಂಗಳೂರಿಂದ ಬೆಳಗಿನ ರೈಲು. ಮದ್ದೂರು ಬರುವ ಮೊದಲೇ ವಡೆ ಮಾರುವವರು ಡಬ್ಬಿಯೊಳಗೆ ಬಂದಿದ್ದರು. ಈರುಳ್ಳಿ ಜಾಸ್ತಿ ಬಿದ್ದ, ಅಂಚು ಗರಿಗರಿಯಾದ ವಡೆ. ತಿಂದು ಕೈ ಒರೆಸಿಕೊಳ್ಳುವಷ್ಟರಲ್ಲಿ ಕಾವೇರಿ ಸೇತುವೆ, ಅದು ದಾಟಿದರೆ ಶ್ರೀರಂಗಪಟ್ಟಣ.

ಸ್ಟೇಷನ್ನಿನ ಹೊರಗೆ ಆಟೋದವರು ಗುಂಬಜ್, ಸಂಗಮ, ನಿಮಿಷಾಂಬ ಅಂತ ಒಂದೇ ಉಸಿರಿನಲ್ಲಿ ಹೇಳುತ್ತಿದ್ದರು. ನಾವು ಮದ್ದಿನ ಮನೆ ನೋಡಬೇಕು ಅಂದಾಗ ಒಬ್ಬ ನಕ್ಕ. "ಅದೇ ಸಾ, ಎತ್ತಿ ಆ ಕಡೆ ಇಟ್ರಲ್ಲ, ಅದಾ? ಅದಕ್ಯಾಕ್ ಆಟೋ? ನಡ್ಕೊಂಡೇ ಹೋಗ್ಬೋದು."

ನಿಜ, ಎತ್ತಿ ಇಟ್ಟಿದ್ದಾರೆ. ಸಿಡಿಮದ್ದು ಇಡುತ್ತಿದ್ದ, ಟಿಪ್ಪುವಿನ ಕಾಲದ ಈ ಶಸ್ತ್ರಾಗಾರ ರೈಲು ಹಳಿ ಜೋಡಿ ಮಾಡುವ ದಾರಿಗೆ ಅಡ್ಡ ಬಂದಿತ್ತು. ಒಡೆಯುವ ಹಾಗಿಲ್ಲ. ಅದಕ್ಕೆ 2017ರಲ್ಲಿ ಇಡೀ ಕಟ್ಟಡವನ್ನೇ ಬುಡದಿಂದ ಕತ್ತರಿಸಿ, ಜಾಕ್ ಕೊಟ್ಟು ಎತ್ತಿ, ನೂರು ಮೀಟರಿಗೂ ಆಚೆ ತಳ್ಳಿಕೊಂಡು ಹೋಗಿ ಕೂರಿಸಿದರು. ಮದ್ದು ಇಡುವ ಮನೆ ಅಂದಮೇಲೆ ಗೋಡೆ ದಪ್ಪ, ಕಿಂಡಿ ಸಣ್ಣದು. ಹುಡುಗ ಕೈಯಲ್ಲಿ ಗೋಡೆ ತಟ್ಟಿ ನೋಡಿದ. "ಮಾಮ, ಈ ಊರೇ ಒಂದು ಕಾರ್ಖಾನೆ ಆಗಿತ್ತು" ಅಂದ.

ಅವನ ಮಾತಿನಲ್ಲಿ ಹುರುಳಿದೆ. ಹೈದರ್ ಮತ್ತು ಟಿಪ್ಪು ಕಾಲದಲ್ಲಿ ಈ ದ್ವೀಪದಲ್ಲಿ ಫಿರಂಗಿ ಎರಕ, ತುಪಾಕಿ ಕೆಲಸ, ಬಾಣದ ಕೆಲಸ ಎಲ್ಲ ಇತ್ತು. ಬಾಣ ಅಂದರೆ ಕಬ್ಬಿಣದ ಕೊಳವೆಯಲ್ಲಿ ಮದ್ದು ತುಂಬಿ ಉದ್ದನೆ ಬಿದಿರಿಗೆ ಕಟ್ಟಿ ಹಾರಿಸುವ ರಾಕೆಟ್ಟು. ಕಾಗದದ ಕೊಳವೆ ಆದರೆ ಮದ್ದು ಒತ್ತಿ ತುಂಬಿದರೆ ಹರಿಯುತ್ತೆ. ಕಬ್ಬಿಣ ತಡೆಯುತ್ತೆ, ಅದಕ್ಕೇ ಬಾಣ ದೂರ ಹೋಗುತ್ತೆ. ಅಷ್ಟೇ ಗುಟ್ಟು. ಆದರೆ ಅಷ್ಟಾಗಬೇಕಾದರೆ ಕಬ್ಬಿಣ ಕಾಯಿಸುವವನು, ತಗಡು ಬಡಿಯುವವನು, ಮದ್ದು ಅರೆಯುವವನು, ಬಿದಿರು ತರುವವನು ಎಲ್ಲರೂ ಬೇಕಲ್ವಾ? ಇಂಗ್ಲಿಷರು ಸಿಕ್ಕ ಬಾಣಗಳನ್ನು ತಮ್ಮ ದೇಶಕ್ಕೆ ಒಯ್ದರು. ಅಲ್ಲಿ ವಿಲಿಯಂ ಕಾಂಗ್ರೀವ್ ತನ್ನ ರಾಕೆಟ್ ಮಾಡಿದ. ಮಾಡಿದ ಕಮ್ಮಾರರ ಹೆಸರು ಮಾತ್ರ ಎಲ್ಲೂ ಉಳಿದಿಲ್ಲ.

ಗಂಜಾಂ ಕಡೆ ಹೊರಟಾಗ ಆಟೋ ಪಂಕ್ಚರ್. ಸ್ಟೆಪ್ನಿಯಲ್ಲೂ ಗಾಳಿ ಇಲ್ಲ. ಡ್ರೈವರಣ್ಣ ಯಾರಿಗೋ ಫೋನ್ ಮಾಡಿ, ನಮ್ಮನ್ನು ಹೊಂಗೆ ಮರದ ಕೆಳಗೆ ನಿಲ್ಲಿಸಿ, ತಾನು ಬೀಡಿ ಹಚ್ಚಿದ. ಹನಿ ಮಳೆ ಶುರುವಾಯಿತು. ಎದುರಿಗೆ ಹಳ್ಳಿಕಾರ್ ತಳಿಯ ಎತ್ತಿನ ಜೋಡಿ ಕಟ್ಟಿದ ಗಾಡಿ ಬಂತು. ನೀಳ ಕೊಂಬು, ಬೂದು ಮೈ, ಮಳೆಗೆ ಹೊಳೆಯುತ್ತಿತ್ತು. ಹುಡುಗನಿಗೆ ಅದೂ ಪ್ರಬಂಧದ ಸಾಮಾನೇ. ಅರಮನೆಯ ಬೆಣ್ಣೆ ಚಾವಡಿಯ ದನಗಳನ್ನು ಸೇನೆಯ ಸಾಮಾನು ಎಳೆಯಲು ಹಚ್ಚಿದ್ದು, ಟಿಪ್ಪು ಅದಕ್ಕೆ ಅಮೃತಮಹಲ್ ಅಂತ ಹೆಸರಿಟ್ಟಿದ್ದು, ಈ ಎತ್ತುಗಳ ಬಲದಿಂದಲೇ ಹೈದರ್ ಎರಡೂವರೆ ದಿನದಲ್ಲಿ ನೂರು ಮೈಲಿ ದಾಟಿ ಚಿದಂಬರಕ್ಕೆ ಹೋಗಿದ್ದು, ಎಲ್ಲ ಹೇಳಿದ. ಡ್ರೈವರಣ್ಣ ಕೇಳಿಸಿಕೊಂಡು, "ಈಗ ಆ ಜೋಡಿಗೆ ಏನ್ ರೇಟ್ ಐತೆ ಗೊತ್ತಾ? ನನ್ ಆಟೋ ಮಾರುದ್ರೂ ಬರಲ್ಲ" ಅಂದ. ಆಮೇಲೆ ಚಕ್ರ ಬಂತು.

ಗಂಜಾಂ ಈಗ ಸಮಾಧಾನದ ಊರು. ಟಿಪ್ಪು ತನ್ನ ರಾಜಧಾನಿ ತುಂಬಲಿ ಅಂತ ಶಿರಾದಿಂದ 12,000 ಕುಟುಂಬಗಳನ್ನು ಬಲವಂತವಾಗಿ ಎಬ್ಬಿಸಿ ತಂದು ಇಲ್ಲಿ ಕೂರಿಸಿದ. ಶಹರ್ ಗಂಜಾಂ ಅಂತ ಹೆಸರು. ಇಲ್ಲಿನ ಅಂಜೂರಕ್ಕೂ ಹೆಸರಿದೆ. ಆದರೆ ನಮಗೆ ಸಿಕ್ಕಿದ್ದು ಒಂದು ಮನೆ ಜಗಲಿಯಲ್ಲಿ ಕೂತಿದ್ದ ಅಜ್ಜಿ ಕೊಟ್ಟ ಬಾಳೆಹಣ್ಣು. ನಾವು ಯಾರ ಮನೆಯವರು ಅಂತ ವಿಚಾರಿಸಿ, ಯಾರೂ ಅಲ್ಲ ಅಂತ ಗೊತ್ತಾದ ಮೇಲೂ ಕೊಟ್ಟರು.

ದರಿಯಾ ದೌಲತ್‌ನಲ್ಲಿ ಜಾಸ್ತಿ ಹೊತ್ತು ಕಳೆದೆವು. ಅದು ಟಿಪ್ಪುವಿನ ಬೇಸಿಗೆ ಅರಮನೆ. ಪಶ್ಚಿಮದ ಗೋಡೆ ತುಂಬ, ಹೈದರ್ ಮತ್ತು ಟಿಪ್ಪು ಇಂಗ್ಲಿಷರನ್ನು ಸೋಲಿಸಿದ 1780ರ ಪೊಳ್ಳಿಲೂರು ಕಾಳಗ. ಮಧ್ಯಾಹ್ನದ ಮೇಲೆ ಹೋದರೆ ಆ ಗೋಡೆಗೆ ಬೆಳಕು ಚೆನ್ನಾಗಿ ಬೀಳುತ್ತೆ. ಪಲ್ಲಕ್ಕಿಯಲ್ಲಿ ಕೂತ ಇಂಗ್ಲಿಷ್ ಸೇನಾಧಿಕಾರಿ ಕರ್ನಲ್ ಬೇಲಿ ಬೆರಳು ಕಚ್ಚಿಕೊಂಡಿದ್ದಾನೆ. ಅವನ ಸುತ್ತ ಕೆಂಪು ಕೋಟಿನ ಸೈನಿಕರ ಚೌಕ, ನಡುವೆ ಮದ್ದಿನ ಬಂಡಿ ಸಿಡಿಯುತ್ತಿದೆ. ಈ ಚಿತ್ರದ ಪಾಡೂ ಒಂದು ಕಥೆ. 1799ರ ಮುತ್ತಿಗೆಗೆ ಮೊದಲೇ ಇದರ ಮೇಲೆ ಸುಣ್ಣ ಬಳಿದಿದ್ದರು. ಊರು ಗೆದ್ದ ಇಂಗ್ಲಿಷ್ ಸೇನೆಯ ಆರ್ಥರ್ ವೆಲ್ಲೆಸ್ಲಿ ಇದೇ ಮನೆಯಲ್ಲಿ ಇದ್ದು, ತನ್ನವರು ಸೋತ ಚಿತ್ರವನ್ನು ತಾನೇ ಸರಿಮಾಡಿಸಿದ. ಮತ್ತೆ ಮಾಸಿದಾಗ ಗವರ್ನರ್ ಜನರಲ್ ಡಾಲ್‌ಹೌಸಿ 1855ರಲ್ಲಿ ಇನ್ನೊಮ್ಮೆ ಬರೆಸಿದ. ಗೆದ್ದವರಿಗೆ ಇಂಥ ಪುರುಸೊತ್ತು ಇರುತ್ತೆ.

ಸೋತ ಊರಿನ ಜನರಿಗೆ ಆ ಪುರುಸೊತ್ತು ಇರಲಿಲ್ಲ. ಮೇ 4ರಂದು ಕೋಟೆ ಬಿತ್ತು. ಆ ರಾತ್ರಿ ಸೈನಿಕರು ಮನೆಮನೆ ಲೂಟಿ ಮಾಡಿದರು. ಮಾರನೇ ದಿನ ವೆಲ್ಲೆಸ್ಲಿ ಕೆಲವರನ್ನು ನೇಣಿಗೆ ಹಾಕಿದ ಮೇಲೆ ನಿಂತಿತು. ಮುಂದಿನ ವರ್ಷ, ಈ ಸೀಮೆಯ ಸಮೀಕ್ಷೆಗೆ ಈಸ್ಟ್ ಇಂಡಿಯಾ ಕಂಪನಿ ಕಳಿಸಿದ ಬುಕಾನನ್ ಇಲ್ಲಿಗೆ ಬಂದ. ಟಿಪ್ಪು ಕಾಲದಲ್ಲಿ 1.5 ಲಕ್ಷ ಜನ ಇದ್ದಿರಬೇಕು, ಈಗ 32 ಸಾವಿರದ ಹತ್ತಿರ ಅಂತ ಲೆಕ್ಕ ಬರೆದ. ಸತ್ತವರು ಒಂದು ಪಾಲು. ದೊಡ್ಡ ಪಾಲು ಹೊಟ್ಟೆಪಾಡು ಹುಡುಕಿಕೊಂಡು ಹೊರಟವರು. ದರ್ಬಾರು ಇಲ್ಲ, ಸೇನೆ ಇಲ್ಲ ಅಂದಮೇಲೆ ಎರಕದವನಿಗೆ, ಜೀನು ಹೊಲಿಯುವವನಿಗೆ, ಮೇವು ಮಾರುವವನಿಗೆ ಇಲ್ಲಿ ಏನು ಕೆಲಸ? ಇಂಗ್ಲಿಷ್ ಸೇನೆ ಕೆಲವು ವರ್ಷ ಇತ್ತು. ಅದಕ್ಕೂ ಜ್ವರ ಹಿಡಿಯಿತು. 1809ರಲ್ಲಿ ಅದು ಬೆಂಗಳೂರಿಗೆ ಹೋಯಿತು. ಬೆಂಗಳೂರು ದಂಡು ಬೆಳೆದದ್ದಕ್ಕೆ ಪಟ್ಟಣದ ಸೊಳ್ಳೆಗೂ ಸ್ವಲ್ಪ ಪಾಲು ಸಲ್ಲಬೇಕು.

ಸಂಜೆ ಬಸ್ಸಿನಲ್ಲಿ ಮೈಸೂರು. ಅರ್ಧ ಗಂಟೆ ದಾರಿ. ರೂಮಿನಲ್ಲಿ ಬಿಸಿನೀರು ಬರಲಿಲ್ಲ, ಅದನ್ನು ಹೇಳಿ ಉಪಯೋಗವಿಲ್ಲ.

ಎರಡನೇ ದಿನ: ಮೈಸೂರು

ಬೆಳಗ್ಗೆ ನಜರ್‌ಬಾದಿನಲ್ಲಿ ದೋಸೆ. ಮೈಲಾರಿ ದೋಸೆಗೆ ಕ್ಯೂ ಇರುತ್ತೆ, ಎಂಟು ಗಂಟೆ ಒಳಗೆ ಹೋಗಬೇಕು. ಮೆತ್ತಗೆ, ಮೇಲೆ ಬೆಣ್ಣೆ. ಹುಡುಗ ಎರಡನೇ ಜೋಡಿ ಹೇಳಿದ ಮೇಲೆ ನಜರ್‌ಬಾದಿನ ಕಥೆ ತೆಗೆದ. ಟಿಪ್ಪು ಮೈಸೂರಿನ ಹಳೇ ಕೋಟೆ ಕೆಡವಿ, ಕಲ್ಲನ್ನು ಈ ದಿಬ್ಬಕ್ಕೆ ಹೊರಿಸಿ ಹೊಸ ಕೋಟೆ ಶುರುಮಾಡಿದ್ದ. ಅಷ್ಟರಲ್ಲಿ 1799. ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಜೂನ್ 30ರಂದು ಪಟ್ಟ ಕಟ್ಟಿದರು. ರಾಜಧಾನಿ ಮತ್ತೆ ಮೈಸೂರು. ಅದೇ ಕಲ್ಲನ್ನು ಮತ್ತೆ ಹಿಂದಕ್ಕೆ ಹೊರಿಸಿ ಹಳೇ ಕೋಟೆ ಕಟ್ಟಿದರು. ಹೋಗುವಾಗಲೂ ಬರುವಾಗಲೂ ಕಲ್ಲು ಹೊತ್ತ ಕೂಲಿಗಳು ಎಷ್ಟೋ ಮಂದಿ ಅವರೇ ಇರಬೇಕು. ದಿವಾನ ಪೂರ್ಣಯ್ಯನವರೂ ಅವರೇ! ಟಿಪ್ಪುವಿನ ಮಂತ್ರಿ ಒಡೆಯರ ದಿವಾನರಾಗಿ 1811ರವರೆಗೆ ಆಡಳಿತ ನಡೆಸಿದರು.

ಅಲ್ಲಿಂದ ಮಾನಂದವಾಡಿ ರಸ್ತೆ. ಗಂಧದೆಣ್ಣೆ ಕಾರ್ಖಾನೆಯೂ ರೇಷ್ಮೆ ಕಾರ್ಖಾನೆಯೂ ಇರುವುದು ಈ ರಸ್ತೆಯಲ್ಲೇ. ಹತ್ತಿರದಲ್ಲೇ ಅಶೋಕಪುರಂನ ಅರಣ್ಯ ಭವನ, ಅಲ್ಲಿ ಗಂಧದ ಮ್ಯೂಸಿಯಂ ಇದೆ. ಮೊದಲು ಅದನ್ನು ನೋಡಿದರೆ ಉಳಿದದ್ದು ಅರ್ಥವಾಗುತ್ತೆ. ಚೆಕ್ಕೆ, ಬೇರು, ಪುಡಿ ಅಂತ ಬಗೆಬಗೆಯಾಗಿ ವಿಂಗಡಿಸಿ ಇಟ್ಟಿದ್ದಾರೆ. ಬೇರಿನಲ್ಲೇ ಎಣ್ಣೆ ಜಾಸ್ತಿ. ಅದಕ್ಕೇ ಗಂಧದ ಮರ ಕಡಿಯುವುದಿಲ್ಲ, ಬುಡಸಮೇತ ಕೀಳುತ್ತಾರೆ.

ಈ ಎಣ್ಣೆ ಕಾರ್ಖಾನೆ ಯುದ್ಧದ ಕೂಸು. 1914ರವರೆಗೆ ಮೈಸೂರು ಸರ್ಕಾರ ಗಂಧದ ಮರವನ್ನು ಕೋಠಿಯಲ್ಲಿ, ಅಂದರೆ ಸರ್ಕಾರಿ ಗೋದಾಮಿನಲ್ಲಿ, ಹರಾಜು ಹಾಕುತ್ತಿತ್ತು. ಅದು ಹಡಗು ಹತ್ತಿ ಜರ್ಮನಿಗೆ ಹೋಗುತ್ತಿತ್ತು. ಎಣ್ಣೆ ತೆಗೆಯುವ ಕೆಲಸ ಅಲ್ಲಿ. ಮೊದಲ ಮಹಾಯುದ್ಧ ಶುರುವಾದ ಕೂಡಲೇ ಆ ದಾರಿ ಬಂದ್. ಕೋಠಿಗಳಲ್ಲಿ ಮರ ರಾಶಿ ಬಿತ್ತು, ಖಜಾನೆಗೆ ಹೊಡೆತ. ಆಗ ದಿವಾನರು ವಿಶ್ವೇಶ್ವರಯ್ಯ. ಕೈಗಾರಿಕೆ ನೋಡಿಕೊಳ್ಳುತ್ತಿದ್ದ ಆಲ್ಫ್ರೆಡ್ ಚಾಟರ್ಟನ್ ಬೆಂಗಳೂರಿನ, ಈಗ ಭಾರತೀಯ ವಿಜ್ಞಾನ ಸಂಸ್ಥೆ ಅನ್ನುವ, ಟಾಟಾ ಇನ್‌ಸ್ಟಿಟ್ಯೂಟಿಗೆ ಹೋಗಿ ಸಡ್‌ಬರೊ, ವಾಟ್ಸನ್ ಎಂಬ ಪ್ರೊಫೆಸರುಗಳನ್ನು ಹಿಡಿದರು. 1916ರಲ್ಲಿ ಬೆಂಗಳೂರಿನಲ್ಲಿ ಎಣ್ಣೆ ಇಳಿಯಿತು. ಆಮೇಲೆ ಮೈಸೂರಿನಲ್ಲಿ ದೊಡ್ಡ ಕಾರ್ಖಾನೆ.

ಎಣ್ಣೆಯ ದೊಡ್ಡ ಗಿರಾಕಿಗಳು ಆಗ ಸೋಪಿನವರಲ್ಲ, ಔಷಧಿಯವರು. ಗಂಡು ಹೆಣ್ಣಿನ ಸಂಗದಿಂದ ಹರಡುವ ಮೇಹರೋಗಕ್ಕೆ ಗಂಧದೆಣ್ಣೆಯ ಗುಳಿಗೆ ಕೊಡುತ್ತಿದ್ದರು. ಲಕ್ಷಾಂತರ ಗಂಡಸರು ಮನೆ ಬಿಟ್ಟು ದಂಡಿನಲ್ಲಿದ್ದ ಕಾಲ, ರೋಗಕ್ಕೆ ಬರವೇ? ಪೆನಿಸಿಲಿನ್ ಬಂದ ಮೇಲೆ ಆ ಗುಳಿಗೆ ಕೇಳುವವರಿಲ್ಲ. ಪೆನಿಸಿಲಿನ್ ಹೆಚ್ಚು ತಯಾರಾಗಿದ್ದೂ ಎರಡನೇ ಮಹಾಯುದ್ಧಕ್ಕಾಗಿಯೇ. ಒಂದು ಯುದ್ಧ ಕೊಟ್ಟ ಗಿರಾಕಿಯನ್ನು ಇನ್ನೊಂದು ಯುದ್ಧ ಕಿತ್ತುಕೊಂಡಿತು. ಪುಣ್ಯಕ್ಕೆ ಅಷ್ಟರಲ್ಲಿ ಸೋಪು ಇತ್ತು. ಎಸ್.ಜಿ. ಶಾಸ್ತ್ರಿಯವರನ್ನು ಇಂಗ್ಲೆಂಡಿಗೆ ಕಳಿಸಿ ಕಲಿಸಿ, 1918ರಲ್ಲಿ ಬೆಂಗಳೂರಿನಲ್ಲಿ ಸೋಪಿನ ಕಾರ್ಖಾನೆ ಶುರುಮಾಡಿದ್ದರು. ಆ ಸೋಪಿನ ಮೇಲೆ ಆನೆ ತಲೆ, ಸಿಂಹದ ಮೈಯ ಶರಭ ಇರುವುದು ಎಲ್ಲರಿಗೂ ಗೊತ್ತು.

ಅದೇ 1918ರ ಸೆಪ್ಟೆಂಬರ್ 23ರಂದು ಮೈಸೂರು ಸಂಸ್ಥಾನದ ಕುದುರೆ ಪಡೆ ಮೈಸೂರು ಲ್ಯಾನ್ಸರ್ಸ್, ಜೋಧಪುರದ ಕುದುರೆ ಸವಾರರ ಜೊತೆ ಸೇರಿ, ಈಗ ಇಸ್ರೇಲಿನಲ್ಲಿರುವ ಹೈಫಾ ಊರನ್ನು ತುರ್ಕರಿಂದ ಗೆದ್ದರು. ಭರ್ಜಿ ಹಿಡಿದು ಮೆಷಿನ್ ಗನ್ ಎದುರಿಗೆ ಹೋಗಿದ್ದು. ದೆಹಲಿಯ ತೀನ್ ಮೂರ್ತಿ ಯುದ್ಧ ಸ್ಮಾರಕದ ಮೂರು ಗೊಂಬೆಗಳಲ್ಲಿ ಒಂದು ಮೈಸೂರಿನದು. ಗೆದ್ದ ಸುದ್ದಿ ಬರುವ ಹೊತ್ತಿಗೆ ಇಲ್ಲಿ ಇನ್‌ಫ್ಲುಯೆಂಜಾ ಬಂದಿತ್ತು.

ರೇಷ್ಮೆ ಕಾರ್ಖಾನೆಗೆ ಬೆಳಗಿನ ಹೊತ್ತೇ ಹೋಗಬೇಕು, ಭಾನುವಾರ ರಜೆ. ಫೋಟೋ ತೆಗೆಯುವ ಹಾಗಿಲ್ಲ. ಹುಡುಗ ಗೊಣಗಿದ, ನನಗೆ ಖುಷಿಯಾಯಿತು. ಕೈಯಲ್ಲಿ ಫೋನ್ ಇಲ್ಲದಿದ್ದರೆ ಕಣ್ಣು ಬಿಟ್ಟು ನೋಡುತ್ತಾನೆ.

ಒಳಗೆ ಮಗ್ಗಗಳ ಸದ್ದಿಗೆ ಮಾತು ಕೇಳಿಸುವುದಿಲ್ಲ. ಹುರಿ ಹಾಕುವ ವಿಭಾಗದ ಒಬ್ಬ ಅಕ್ಕ ಒಂದು ಎಳೆ ಎಳೆದು ನನ್ನ ಬೆರಳಿಗೆ ಸುತ್ತಿದರು. ಒರಟು, ಸ್ವಲ್ಪ ಅಂಟು. "ಇದು ಹಸಿ ರೇಷ್ಮೆ ಸರ್. ಗೂಡಿನ ಅಂಟು ಇನ್ನೂ ಹೋಗಿಲ್ಲ" ಅಂತ ಕಿವಿ ಹತ್ತಿರ ಬಂದು ಕೂಗಿದರು. ಹೊಕ್ಕಿನ ನೂಲಿಗೆ ಬಲಗಡೆ ಒಂದು, ಎಡಗಡೆ ಒಂದು ಹುರಿ, ಅದೂ ಬಿಗಿಯಾಗಿ. ನೇಯ್ದಾಗ ಬಟ್ಟೆ ಕಾಗದದ ಹಾಗೆ ಸೆಟೆದುಕೊಂಡಿರುತ್ತೆ. ಆಮೇಲೆ ಸೋಪಿನ ನೀರಿನಲ್ಲಿ ಬೇಯಿಸುತ್ತಾರೆ. ಅಂಟು ಬಿಟ್ಟ ಕೂಡಲೇ ಆ ಹುರಿಗಳು ತಮ್ಮ ತಮ್ಮ ಕಡೆಗೆ ಎಳೆದುಕೊಂಡು, ಬಟ್ಟೆ ಸಣ್ಣಗೆ ಸುಕ್ಕು ಹಿಡಿದು ಮೆತ್ತಗಾಗುತ್ತೆ. ಮೈಸೂರು ಕ್ರೇಪ್ ಸೀರೆ ಮೈಗೆ ಅಂಟಿ ಜಾರುವುದು ಇದಕ್ಕೇ. ಅವರು ಬೆಂದ ಬಟ್ಟೆಯ ತುಂಡನ್ನೂ ಕೈಗೆ ಕೊಟ್ಟರು. ಎರಡೂ ಒಂದೇ ನೂಲು ಅಂತ ನಂಬುವುದು ಕಷ್ಟ.

ಈ ಕಡೆಗೆ ರೇಷ್ಮೆ ಹುಳು ತಂದವನೂ ಟಿಪ್ಪುವೇ, ಬಂಗಾಳದಿಂದ. ನಾಲ್ವಡಿ ಕೃಷ್ಣರಾಜ ಒಡೆಯರು ಸ್ವಿಟ್ಜರ್ಲೆಂಡಿನ ಮಗ್ಗ ತರಿಸಿ 1912ರಲ್ಲಿ ಈ ಕಾರ್ಖಾನೆ ಶುರುಮಾಡಿದರು. ಅರಮನೆಗೆ ಬೇಕಾದ ಬಟ್ಟೆ, ಸೈನಿಕರ ಅಲಂಕಾರದ ಬಟ್ಟೆ ಇಲ್ಲಿಂದಲೇ. ಎರಡನೇ ಮಹಾಯುದ್ಧದಲ್ಲಿ ಜಪಾನು ಶತ್ರುವಾಯಿತು, ಜಪಾನಿನ ರೇಷ್ಮೆ ನಿಂತಿತು. ಪ್ಯಾರಾಚೂಟಿಗೆ ರೇಷ್ಮೆ ಬೇಕು. ಮೈಸೂರಿನ ನೂಲಿಗೆ ಇದ್ದಕ್ಕಿದ್ದಂತೆ ಬೆಲೆ ಬಂತು. ಹಿಪ್ಪುನೇರಳೆ ತೋಟ ಹೆಚ್ಚಿತು, ನೂಲು ತೆಗೆಯುವ ಕಾರ್ಖಾನೆಗಳು ಬಂದವು. ಯುದ್ಧ ಮುಗಿಯಿತು, ಪ್ಯಾರಾಚೂಟ್ ಬೇಡಿಕೆ ಹೋಯಿತು, ಹೊರಗಿನ ರೇಷ್ಮೆ ಮತ್ತೆ ಬಂತು. ಬೆಲೆ ಬಿತ್ತು. ಸಾಲ ಮಾಡಿ ತೋಟ ಹಾಕಿದವರನ್ನು ಕೇಳುವವರು ಯಾರು? 1949ರಲ್ಲಿ ಕೇಂದ್ರ ರೇಷ್ಮೆ ಮಂಡಳಿ ಬರಬೇಕಾಯಿತು. ನಾನು ಆ ಅಕ್ಕನಿಗೆ ಪ್ಯಾರಾಚೂಟ್ ವಿಷಯ ಹೇಳಿದೆ. "ಹೌದಾ? ನಮಗೆ ಗಂಟು ಹಾಕೋದು ಒಂದೇ ಗೊತ್ತು. ಎಳೆ ಕಿತ್ತರೆ ಸೀರೆಗಾದ್ರೂ ಕಷ್ಟ, ಅದಕ್ಕಾದ್ರೂ ಕಷ್ಟ" ಅಂತ ನಕ್ಕು ಕೆಲಸಕ್ಕೆ ತಿರುಗಿದರು.

ಹೊರಗೆ ಷೋರೂಮು ಇದೆ. ಬೆಲೆ ನೋಡಿ ನಾನೂ ಕೆಲಸಕ್ಕೆ ತಿರುಗಿದೆ.

ಮಧ್ಯಾಹ್ನ ಊಟ ಮಾಡಿ ಆ ಕಡೆ ಈ ಕಡೆ ತಿರುಗಿದೆವು. ರಾಮಸ್ವಾಮಿ ಸರ್ಕಲ್ಲಿನಲ್ಲಿ ಮಳೆಗೆ ಸಿಕ್ಕಿಬಿದ್ದು ಅಂಗಡಿ ಮಾಡಿಗೆ ಓಡಿದೆವು. ಈ ಸರ್ಕಲ್ಲಿನ ರಾಮಸ್ವಾಮಿ ವಿದ್ಯಾರ್ಥಿ. 1947ರ ಸೆಪ್ಟೆಂಬರಿನಲ್ಲಿ, ದೇಶಕ್ಕೆ ಸ್ವಾತಂತ್ರ್ಯ ಬಂದ ಮೇಲೂ, ಸಂಸ್ಥಾನದಲ್ಲಿ ಜನರ ಸರ್ಕಾರ ಬೇಕು ಅಂತ ನಡೆದ ಮೈಸೂರು ಚಲೋ ಚಳವಳಿಯಲ್ಲಿ ಗುಂಡಿಗೆ ಸತ್ತ ಹುಡುಗ. ಅಂಗಡಿಯವರು ನಮ್ಮ ಹುಡುಗನಿಗೆ ಸ್ಟೂಲು ಕೊಟ್ಟು, ನನಗೆ ಕೊಡಲಿಲ್ಲ.

ಮಳೆ ನಿಂತ ಮೇಲೆ ಸಿಎಫ್‌ಟಿಆರ್‌ಐ ಕಾಂಪೌಂಡಿನ ಪಕ್ಕ ನಡೆದೆವು. ಒಳಗಿರುವುದು ಚೆಲುವಾಂಬ ವಿಲಾಸ, ರಾಜಕುಮಾರಿಗೆ ಕಟ್ಟಿಸಿದ ಅರಮನೆ. ಯುದ್ಧದ ಕಾಲದ ಅನ್ನದ ಪರದಾಟ, 1943ರ ಬಂಗಾಳದ ಹಸಿವು ಇನ್ನೂ ನೆನಪಿದ್ದಾಗಲೇ, 1950ರಲ್ಲಿ ಅದು ಆಹಾರ ಸಂಶೋಧನೆಯ ಮನೆಯಾಯಿತು. ಆಮೇಲೆ 1961ರಲ್ಲಿ ಸೇನೆಗೆಂದೇ ಇನ್ನೊಂದು ಆಹಾರ ಪ್ರಯೋಗಾಲಯ, ಡಿಎಫ್‌ಆರ್‌ಎಲ್, ಇದೇ ಊರಿಗೆ ಬಂತು. ಹಿಮದಲ್ಲಿ ನಿಂತ ಸಿಪಾಯಿಗೆ ಕೆಡದ ಚಪಾತಿ, ಪೊಟ್ಟಣದ ಪುಲಾವ್ ಹೇಗೆ ಮಾಡಬೇಕು ಅಂತ ಮೈಸೂರಿನಲ್ಲಿ ಕೂತು ಯೋಚಿಸುವವರಿದ್ದಾರೆ.

ಮೂರನೇ ದಿನ: ಮಂಡ್ಯ

ವಾಪಸ್ ಹೋಗುವ ದಾರಿಯಲ್ಲಿ ಮಂಡ್ಯಕ್ಕೆ ಇಳಿದೆವು. ರೈಲು ಬೇಕಾದಷ್ಟಿವೆ, ರಿಸರ್ವೇಷನ್ ಗೊಡವೆ ಬೇಡ. ದಾರಿಯುದ್ದ ಕಬ್ಬು, ಭತ್ತದ ನಾಟಿ, ತುಂಬಿ ಹರಿಯುವ ನಾಲೆ. ಹಳಬರು ಇರ್ವಿನ್ ನಾಲೆ ಅಂತಿದ್ದರು, ಈಗ ವಿಸಿ, ಅಂದರೆ ವಿಶ್ವೇಶ್ವರಯ್ಯ ನಾಲೆ. ಕನ್ನಂಬಾಡಿ ನೀರು ಬಂದ ಮೇಲೆ ಕಬ್ಬು, ಕಬ್ಬಿನ ಹಿಂದೆ 1933ರಲ್ಲಿ ಮೈಷುಗರ್ ಸಕ್ಕರೆ ಕಾರ್ಖಾನೆ. ಇದಕ್ಕೆ ಓಡಾಡಿದವರು ಕೆನಡಾದಿಂದ ಬಂದ ಕೃಷಿ ನಿರ್ದೇಶಕ ಲೆಸ್ಲಿ ಕೋಲ್ಮನ್. 1939ರ ಜುಲೈನಲ್ಲಿ ಮಂಡ್ಯ ಜಿಲ್ಲೆಯಾಯಿತು, ಸೆಪ್ಟೆಂಬರಿನಲ್ಲಿ ಯುದ್ಧ.

ಕಾರ್ಖಾನೆ ಕೆಲವು ವರ್ಷ ನಿಂತೇ ಹೋಗಿತ್ತು, 2022ರಲ್ಲಿ ಮತ್ತೆ ಶುರುವಾಯಿತು. ಒಳಗೆ ಹೋಗಲು ಆಗಲಿಲ್ಲ. ಗೇಟಿನ ಎದುರಿನ ಟೀ ಅಂಗಡಿಯಲ್ಲಿ ಕೂತೆವು. ಪಂಚೆ ಉಟ್ಟ ಯಜಮಾನರೊಬ್ಬರು ಪಕ್ಕದಲ್ಲಿದ್ದರು. ಎಂಬತ್ತು ದಾಟಿದವರು. ಹುಡುಗ ಯುದ್ಧದ ಕಾಲ ಅಂದ ಕೂಡಲೇ ಟೀ ಲೋಟ ಕೆಳಗಿಟ್ಟರು.

"ನಾನ್ ಆಗ ಕೂಸು ಕಣಪ್ಪ. ನಮ್ಮವ್ವ ಹೇಳೋಳು. ಲೆವಿ ಅಂತ ಬರೋರು. ಮನೇಲಿ ಎಷ್ಟ್ ಜನ, ಎಷ್ಟ್ ರಾಗಿ ಅಂತ ಬರ್ಕೊಂಡು ಮಿಕ್ಕಿದ್ದ ಸರ್ಕಾರಕ್ಕೆ ಹೊಯ್ಯಬೇಕಿತ್ತು. ನಮ್ಮ ತಾತ ಹಗೇವಲ್ಲಿ ಇಟ್ಟಿದ್ರಂತೆ. ಅದರ ಮೇಲೆ ತಿಪ್ಪೆ ಎಳೆದು, ದನ ಕಟ್ಟಿದ್ರಂತೆ."

ಹಗೇವು ನೋಡದವರಿಗೆ ಹೇಳಬೇಕು. ನೆಲದೊಳಗೆ ತೋಡಿದ ಕಣಜ. ಬಾಯಿ ಒಬ್ಬ ಇಳಿಯುವಷ್ಟೇ ಸಣ್ಣದು, ಒಳಗೆ ಅಗಲ. ರಾಗಿ ತುಂಬಿ ಹುಲ್ಲು ಹಾಸಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕೆಡುವುದಿಲ್ಲ. ತೆಗೆದ ಕೂಡಲೇ ಇಳಿಯಬಾರದು, ಒಳಗಿನ ಗಾಳಿ ಕೆಟ್ಟಿರುತ್ತೆ. ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಇಳಿಯುವುದು.

"ಸಿಕ್ಕಿಬಿದ್ರಾ ತಾತ?" ಅಂದ ಹುಡುಗ.

"ದನ ಕಟ್ಟಿರೋ ಜಾಗ ಯಾವ ಅಮಲ್ದಾರ ಬಗ್ಗಿ ನೋಡ್ತಾನೆ? ಅಕ್ಕಿ ಮಾತ್ರ ಇರ್ಲಿಲ್ಲ ಕಣಪ್ಪ. ಹಬ್ಬಕ್ಕೂ ಮುದ್ದೇನೆ."

1942ರಲ್ಲಿ ಜಪಾನಿನವರು ರಂಗೂನು ಹಿಡಿದ ಮೇಲೆ ಬರ್ಮಾ ಅಕ್ಕಿ ನಿಂತಿತ್ತು. ಅದೇ ವರ್ಷ ಸಕ್ಕರೆಗೂ ಕಂಟ್ರೋಲ್ ಬಂತು. ಸಕ್ಕರೆ ಬೆಲೆ ಸರ್ಕಾರದ ಕೈಯಲ್ಲಿ, ಬೆಲ್ಲ ಅಷ್ಟು ಬಿಗಿಯಿಲ್ಲ. ಇಂಥ ಹೊತ್ತಲ್ಲಿ ಕಬ್ಬು ಕಾರ್ಖಾನೆ ಬಿಟ್ಟು ಆಲೆಮನೆ ಕಡೆ ತಿರುಗುತ್ತೆ. ಇದನ್ನು ಹೇಳಿದ್ದಕ್ಕೆ ಯಜಮಾನರು, "ಈಗ್ಲೂ ಅದೇಯ. ನೋಡಬೇಕಾ? ನಮ್ಮೂರ್ ಕಡೆ ಬನ್ನಿ" ಅಂತ ತಮ್ಮ ಮೊಮ್ಮಗನ ಬೈಕಿಗೆ ನಮ್ಮಿಬ್ಬರನ್ನೂ ಹತ್ತಿಸಿದರು. ತಾವು ಬಸ್ಸಿಗೆ ಬರುತ್ತೇನೆ ಅಂದರು, ಎಷ್ಟು ಹೇಳಿದರೂ ಕೇಳಲಿಲ್ಲ.

ಆಲೆಮನೆಯ ವಾಸನೆ ರಸ್ತೆಗೇ ಬರುತ್ತಿತ್ತು. ಒಳಗೆ ಹೊಗೆ, ಬಿಸಿ, ಜಾರುವ ನೆಲ. ಕೊಪ್ಪರಿಗೆಯಲ್ಲಿ ಹಾಲು ಕುದಿಯುತ್ತಿತ್ತು. ಕಬ್ಬಿನ ರಸಕ್ಕೆ ಇಲ್ಲಿ ಹಾಲು ಅಂತಲೇ ಅನ್ನುವುದು. ಒಬ್ಬ ಕೆನೆಯ ಹಾಗೆ ಕಟ್ಟಿದ ಕೊಳೆಯನ್ನು ಜರಡಿಯಲ್ಲಿ ಎತ್ತಿ ಎಸೆಯುತ್ತಿದ್ದ. ಇನ್ನೊಬ್ಬ ಒಣ ಸಿಪ್ಪೆಯನ್ನು ಒಲೆ ಬಾಯಿಗೆ ತಳ್ಳುತ್ತಿದ್ದ. ಇಬ್ಬರೂ ಉತ್ತರ ಪ್ರದೇಶದವರು. ಕನ್ನಡ ಚೆನ್ನಾಗಿಯೇ ಕಲಿತಿದ್ದರು, ಅದೂ ಮಂಡ್ಯದ್ದು. "ಬಿಸಿ ಐತೆ, ನೋಡ್ಕೊಂಡ್ ತಿನ್ನಿ ಸಾ" ಅಂತ ಅಡಿಕೆ ಪಟ್ಟೆಯ ಮೇಲೆ ಪಾಕ ಹಾಕಿಕೊಟ್ಟರು. ಹುಡುಗ ಕೇಳಲಿಲ್ಲ, ನಾಲಿಗೆ ಸುಟ್ಟುಕೊಂಡ. ಊರು ಸೇರುವವರೆಗೆ ಯಾವ ಇಸವಿಯನ್ನೂ ಹೇಳಲಿಲ್ಲ.

ಆಲೆಮನೆ ಮಾಲೀಕರು ಫೋನಿನಲ್ಲಿದ್ದರು. ಕಾರ್ಖಾನೆ ಟನ್ನಿಗೆ ಏನು ಕೊಡುತ್ತೆ, ಮಂಡ್ಯ ಮಾರ್ಕೆಟ್ಟಿನಲ್ಲಿ ಅಚ್ಚುಬೆಲ್ಲ ಏನು ನಡೆದಿದೆ ಅಂತ ಯಾರ ಹತ್ತಿರವೋ ವಿಚಾರಿಸುತ್ತಿದ್ದರು. ಫೋನ್ ಇಟ್ಟ ಮೇಲೆ ನಮಗೆ ಎರಡು ಕೆಜಿ ಬೆಲ್ಲ ತೂಗಿಸಿದರು. ಮುಂದಿನ ವಾರ ಬಂದರೆ ಆಲೆ ಆಡುತ್ತಿರುತ್ತದಾ ಅಂತ ಕೇಳಿದೆ.

"ಅದ ಈಗ್ಲೇ ಹೆಂಗ್ ಹೇಳದು ಸಾ? ಸೋಮವಾರದ ರೇಟ್ ಬರ್ಲಿ" ಅಂದರು.